ಲಾಟೀನು ಕೊಳ್ಳುವ ಮುನ್ನ

ಕರೆಂಟು ಹೋದಾಗ ಹತ್ತು ಜನ ಮಲಗುವ ಖೋಲಿಯಲ್ಲಿ ಮೇಣದಬತ್ತಿ ಹಚ್ಚುವುದು ಎಷ್ಟು ಅಪಾಯವೆಂದು ನಮಗೆಲ್ಲ ಗೊತ್ತು. ಆದಕಾರಣ ಚಾರ್ಜು ಮಾಡುವ ಲಾಟೀನು ಕೊಳ್ಳುವುದು ಒಳ್ಳೆಯದೇ. ಆದರೆ ಡಬ್ಬಿಯ ಮೇಲಿನ ಮಾತನ್ನೇ ನಂಬಿ ಬೆವರಿನ ಹಣ ಸುರಿಯಬಾರದು.

ಮೊದಲು ಲೆಕ್ಕ ನೋಡೋಣ. ಲಿಥಿಯಂ ಸೆಲ್ಲು ಸಾಮಾನ್ಯವಾಗಿ 3.7 ವೋಲ್ಟಿನದು. ಒಂದೇ ಸೆಲ್ಲಿದ್ದು, 2000 ಮಿಲಿಆಂಪ್-ಗಂಟೆ ಎಂದು ಬರೆದಿದ್ದರೆ ಅದರಲ್ಲಿರುವ ಶಕ್ತಿ 7.4 ವ್ಯಾಟ್-ಗಂಟೆ. 2 ವ್ಯಾಟಿನ ದೀಪವನ್ನು ಪೂರ್ತಿ ಬೆಳಗಿಸಿದರೆ 4 ಗಂಟೆಯೂ ಬಾರದು. ‘20 ಗಂಟೆ’ ಎಂಬುದು ಮಂದ ಬೆಳಕಿನ ಮಾತು.

ನಾವು ಸಂಘದ ಕೋಣೆಯಲ್ಲಿ ಹೀಗೆ ಪರೀಕ್ಷಿಸಿದೆವು. ಪೂರ್ತಿ ಚಾರ್ಜಾದ ಲಾಟೀನನ್ನು ಕತ್ತಲಲ್ಲಿ ಹಚ್ಚಿಟ್ಟು, ಎರಡು ಮೊಳ ದೂರ ಕುಳಿತು, ಅರ್ಧ ಗಂಟೆಗೊಮ್ಮೆ ಪತ್ರಿಕೆ ಓದಿದೆವು. ಅಕ್ಷರ ಕಾಣದಾದ ಹೊತ್ತಿಗೆ ಗಡಿಯಾರ ನೋಡಿ ಬರೆದುಕೊಂಡೆವು. ಆಮೇಲೆ ಮಿಣುಕಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವು ತಿಂಗಳ ಮೇಲೆ ಇದನ್ನೇ ಮತ್ತೆ ಮಾಡಿದರೆ ಬ್ಯಾಟರಿ ಎಷ್ಟು ಸೊರಗಿದೆಯೆಂದು ತಿಳಿಯುತ್ತದೆ.

ಇನ್ನೊಂದು ಮಾತು. ಚಾರ್ಜಿಗೆ ಹಾಕಿದ ಲಾಟೀನನ್ನು ಹಾಸಿಗೆಯ ಮೇಲಾಗಲಿ, ಬಾಗಿಲ ದಾರಿಯಲ್ಲಾಗಲಿ ಇಡಬೇಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತೀತು. ಒಬ್ಬನ ಅಲಕ್ಷ್ಯಕ್ಕೆ ಹತ್ತು ಜನರ ಪ್ರಾಣ ಹೋಗಬಾರದು.

ಕೊಳ್ಳುವಾಗಲೇ ರಸೀದಿ ಕೇಳಿ ಪಡೆಯಿರಿ. ಮಾಲು ದೋಷದ್ದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡಬಹುದು. ಅದಕ್ಕೆ ರಸೀದಿಯೇ ನಮ್ಮ ಸಾಕ್ಷಿ. ದುಡಿದ ಹಣಕ್ಕೆ ತಕ್ಕ ಬೆಳಕನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.