ಕರಗುವ ಸಾರವೆ, ಬೆಳೆಯುವ ಮೂಳೆ



ಮನೆ ಕಟ್ಟುವಾಗ ಗಾರೆಯವರು ಸಾರವೆ ನಿಲ್ಲಿಸುವುದನ್ನು ನೀವು ನೋಡಿದ್ದೀರಿ. ಗೋಡೆ ಎದ್ದ ಮೇಲೆ ಅದನ್ನು ಬಿಚ್ಚುತ್ತಾರೆ. ಬಿಚ್ಚುವ ಕೆಲಸವೇ ಇಲ್ಲದೆ, ಗೋಡೆ ಏಳುತ್ತಿದ್ದಂತೆ ತಾನಾಗಿ ಕರಗಿಹೋಗುವ ಸಾರವೆ ಇದ್ದರೆ ಹೇಗೆ? ಮೂಳೆ ವೈದ್ಯರಿಗೆ ಬೇಕಾಗಿರುವುದು ಅಂಥದ್ದು.

ಬಿ.ಎಸ್ಸಿ. ಓದುವಾಗ ನಾನು ಮೂಳೆಯನ್ನು ಬರೀ ಸುಣ್ಣದ ಕಂಬವೆಂದುಕೊಂಡಿದ್ದೆ. ಅಲ್ಲ, ಅದು ಜೀವಂತ ಅಂಗಾಂಶ. ಮುರಿದರೆ ಕಲೆ ಉಳಿಸದೆ ಕೂಡಿಕೊಳ್ಳುತ್ತದೆ. ಆದರೆ ಅಪಘಾತದಲ್ಲೋ, ಗೆಡ್ಡೆ ತೆಗೆದಾಗಲೋ ದೊಡ್ಡ ತುಂಡೇ ಹೋದರೆ ಆ ಅಂತರವನ್ನು ದಾಟಲಾರದು. ಆಗ ರೋಗಿಯ ಸೊಂಟದ ಮೂಳೆಯಿಂದಲೇ ಚೂರು ತೆಗೆದು ತುಂಬುತ್ತಾರೆ. ಇಂದಿಗೂ ನೆಚ್ಚಿನ ವಿಧಾನ ಇದೇ. ಗಾಯ ಮಾತ್ರ ಎರಡಾಗುತ್ತದೆ, ಸಿಗುವ ಮೂಳೆಯೂ ಸ್ವಲ್ಪವೇ.

ಕೀವು ತುಂಬಿದ್ದರಂತೂ ಕಷ್ಟ ಇಮ್ಮಡಿ. ಸತ್ತ ಮೂಳೆಗೆ ರಕ್ತ ಹರಿಯದು. ನುಂಗಿದ ಔಷಧ ಅಲ್ಲಿಗೆ ಸಾಕಷ್ಟು ತಲುಪದು. ಔಷಧವನ್ನು ಅಲ್ಲಿಯೇ ಇಟ್ಟರೆ? 1892ರಲ್ಲೇ ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯರು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಫೀನಾಲ್ ಬೆರೆಸಿ ಮೂಳೆಯ ಕುಳಿಗಳಿಗೆ ತುಂಬಿದ್ದರು. ಹೌದು, ಗೊಂಬೆ ಮಾಡುವ ಅದೇ ಪ್ಲಾಸ್ಟರ್! ದೇಹದೊಳಗೆ ಅದು ಕರಗುತ್ತದೆ. 1970ರ ದಶಕದಲ್ಲಿ ಜೆಂಟಾಮೈಸಿನ್ ಬೆರೆಸಿದ ಅಕ್ರಿಲಿಕ್ ಮಣಿಗಳ ಸರ ಬಂತು. ಅದು ಔಷಧ ಬಿಡುತ್ತದೆ, ಆದರೆ ಕರಗದು. ತೆಗೆಯಲು ಮತ್ತೊಂದು ಶಸ್ತ್ರಕ್ರಿಯೆ.

ಈಗ ಸಂಶೋಧಕರು ಹೆಚ್ಚಾಗಿ ಬಳಸುವ ವಸ್ತುಗಳಲ್ಲೊಂದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಪಾಲಿಮರ್. ಕರಗುವ ಹೊಲಿಗೆ ದಾರವೂ ಇದೇ ಜಾತಿಯದು. ದೇಹದ ನೀರು ಪಾಲಿಮರ್ ಸರಪಳಿಯ ಕೊಂಡಿಗಳನ್ನು ಬಿಡಿಸುತ್ತ ಹೋದಂತೆ ಒಳಗಿನ ಔಷಧ ವಾರಗಟ್ಟಲೆ ಒಸರುತ್ತದೆ. ಎರಡು ಆಮ್ಲಗಳ ಪ್ರಮಾಣ ಬದಲಿಸಿ ಕರಗುವ ವೇಗವನ್ನು ಹೆಚ್ಚುಕಡಿಮೆ ಮಾಡಬಹುದು. ಸಾರವೆಯ ತುಂಬ ರಂಧ್ರಗಳು. ಅವುಗಳ ಮೂಲಕ ರಕ್ತನಾಳಗಳೂ ಜೀವಕೋಶಗಳೂ ಒಳಹೊಗಬೇಕು.

ಪೇಚು ಇರುವುದು ಸಮಯದಲ್ಲಿ. ಬೇಗ ಕರಗಿದರೆ ಆಸರೆಯಿಲ್ಲ, ತಡವಾದರೆ ಹೊಸ ಮೂಳೆಗೆ ಅಡ್ಡಿ. ಆಮ್ಲ ಒಂದೇ ಕಡೆ ಮಡುಗಟ್ಟಿದರೆ ಉರಿಯೂತ.

1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್, ಸುಣ್ಣ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನಲ್ಲಿಟ್ಟರೆ ಅಲ್ಲಿ ಹೊಸ ಮೂಳೆ ಹುಟ್ಟುವುದೆಂದು ತೋರಿಸಿದರು. ಅದಕ್ಕೆ ಕಾರಣವಾದ ಪ್ರೋಟೀನುಗಳಲ್ಲೊಂದನ್ನು ಕೊಲಾಜನ್ ಸ್ಪಂಜಿನಲ್ಲಿ ನೆನೆಸಿ ಬಳಸಲು ಅಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಆದರೆ ಸ್ಪಂಜು ಅದನ್ನು ಬೇಗ ಬಿಟ್ಟುಕೊಡುತ್ತದೆ, ಹಾಗಾಗಿ ಪ್ರಮಾಣ ಬಹಳ ಬೇಕು. ಅನುಮತಿಯಿಲ್ಲದ ಕುತ್ತಿಗೆಯ ಭಾಗದಲ್ಲಿ ಬಳಸಿದಾಗ ಕೆಲವರಿಗೆ ಗಂಟಲು ಊದಿ ಉಸಿರಾಟಕ್ಕೇ ಕುತ್ತಾಯಿತು; 2008ರಲ್ಲಿ ಸರ್ಕಾರ ಎಚ್ಚರಿಕೆ ಕೊಟ್ಟಿತು.

ಅದಕ್ಕೇ ಪ್ರಯೋಗಾಲಯಗಳಲ್ಲಿ ಈಗ ಆ ಪ್ರೋಟೀನನ್ನು ಸೂಕ್ಷ್ಮ ಪಾಲಿಮರ್ ಗುಳಿಗೆಗಳೊಳಗೆ ಇಟ್ಟು, ಗುಳಿಗೆಗಳನ್ನು ಸಾರವೆಯಲ್ಲಿ ಹುದುಗಿಸಿ ನೋಡುತ್ತಿದ್ದಾರೆ: ಮೊದಲು ಸೋಂಕಿನ ಔಷಧ ಹೊರಬರಲಿ, ಜಾಗ ಶುದ್ಧವಾದ ಮೇಲೆ ಮೂಳೆ ಬೆಳೆಸುವ ಪ್ರೋಟೀನ್.