ನಮ್ಮ ಹಾಡಿಗೆ ಯಾರದೋ ವೇಷ ಯಾಕೆ?

(ಚಿಕ್ಕೋಡಿಯಲ್ಲಿ ಕನ್ನಡ ಯುವಕರ ಮುಂದೆ ಆಡಿದ ಮಾತು)



ಪ್ರೆಸ್ಸಿನವನಿಗೆ ಸಿನಿಮಾ ಉಸಾಬರಿ ಯಾಕೆ ಎನ್ನಬೇಡಿ. ಜಾತ್ರೆ ಬಂತೆಂದರೆ ರಾಯಬಾಗ, ಅಥಣಿ ಕಡೆಯ ನಾಟಕ, ಪಾರಿಜಾತಗಳ ಹ್ಯಾಂಡ್‌ಬಿಲ್ ಅಚ್ಚಾಗುವುದು ನಮ್ಮಂಥವರಲ್ಲೇ. ಊರು ಯಾವ ಹಾಡಿಗೆ ಸೇರುತ್ತದೆಂದು ಮೊದಲು ಗೊತ್ತಾಗುವುದು ನಮಗೆ!

ಮೊದಲು ದೂರದ ಸ್ಪೇನಿನ ಮಾತು ಹೇಳುತ್ತೇನೆ. 1930ರ ದಶಕದಲ್ಲಿ ಅಲ್ಲಿ ಜನಪದ ಹಾಡು-ಕುಣಿತದ ಸಿನಿಮಾಗಳ ಸುಗ್ಗಿ. 1936ರ ‘ಮೊರೆನಾ ಕ್ಲಾರಾ’ದಂಥ ಚಿತ್ರಗಳಿಂದ ದಕ್ಷಿಣದ ಆಂದಲೂಸಿಯಾ ಸೀಮೆಯ ಹಾಡು, ಜಿಪ್ಸಿ ಹುಡುಗಿ ಮನೆಮಾತಾದವು. ಸ್ಪೇನ್ ಅಂದರೆ ಇಷ್ಟೇ ಎಂದು ಹೊರಗಿನವರು ನಂಬಿದರು. 1939ರಲ್ಲಿ ಫ್ರಾಂಕೋ ಸರ್ವಾಧಿಕಾರ ಬಂದ ಮೇಲೆ ಕತಲಾನ್, ಬಾಸ್ಕ್ ಭಾಷೆಗಳನ್ನು ಶಾಲೆ, ಕಚೇರಿಗಳಿಂದ ಹೊರದಬ್ಬಿದರು. ತೆರೆಯ ಮೇಲೆ ಮಾತ್ರ ಆಂದಲೂಸಿಯಾದ ಹಾಡು ಮೊಳಗುತ್ತಲೇ ಇತ್ತು! 1953ರಲ್ಲಿ ಬೆರ್ಲಂಗಾ ಎಂಬ ನಿರ್ದೇಶಕ ಇದನ್ನು ಲೇವಡಿ ಮಾಡಿ ‘ಬಿಯೆನ್‌ವೆನಿದೋ ಮಿಸ್ಟರ್ ಮಾರ್ಷಲ್’ ತೆಗೆದ. ಅಮೆರಿಕದವರು ದುಡ್ಡು ತರುತ್ತಾರೆಂದು ಕ್ಯಾಸ್ಟೀಲ್ ಸೀಮೆಯ ಬಡ ಹಳ್ಳಿಯೊಂದು ತನ್ನದಲ್ಲದ ಆಂದಲೂಸಿಯಾ ವೇಷ ತೊಟ್ಟು ಕಾಯುತ್ತದೆ. ಮೋಟಾರುಗಳು ನಿಲ್ಲದೆ ಭರ್ರನೆ ಹೋಗುತ್ತವೆ. ಖರ್ಚು ಊರವರ ತಲೆಗೆ!

ಈಗ ನಮ್ಮ ತೆರೆ ನೋಡಿ. ನಾಗಾಭರಣರ ‘ಜನುಮದ ಜೋಡಿ’ಯ (1996) ಮೂಲ ಗುಜರಾತಿನ ಪನ್ನಾಲಾಲ ಪಟೇಲರ ಕಾದಂಬರಿ, ಬಂದಿಳಿದದ್ದು ಮೈಸೂರು ಸೀಮೆಯ ಹಳ್ಳಿಗೆ. ಒಳ್ಳೆಯ ಚಿತ್ರ, ಅದರ ಹಾಡು ಇಂದಿಗೂ ಕೇಳುತ್ತೇನೆ. ಆದರೆ ಕನ್ನಡದ ಹಳ್ಳಿ ಎಂದರೆ ಅದೊಂದೇನಾ? ನಮ್ಮ ‘ಯಾಕಪಾ, ಹೆಂಗದೀ’ ತೆರೆಗೆ ಬಂದರೆ ಬಹುಸಲ ನಗಿಸಲಿಕ್ಕೆ! ಅದೇ ನಾಗಾಭರಣರು 1990ರಲ್ಲಿ ‘ಸಂತ ಶಿಶುನಾಳ ಶರೀಫ’, 1997ರಲ್ಲಿ ‘ನಾಗಮಂಡಲ’ ತೆಗೆದರು, ಅಶ್ವತ್ಥರ ಸಂಗೀತ. ಅಳು, ಪ್ರೀತಿ, ಅನುಭಾವ ಎಲ್ಲವೂ ಈ ಸೀಮೆಯ ಮಾತಿಗೆ ಒಗ್ಗಿದವು. ‘ಶರೀಫ’ನಿಗೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ನಮ್ಮ ಜಿಲ್ಲೆಯ ಘೋಡಗೇರಿಯ ಕಂಬಾರರು ‘ಕರಿಮಾಯಿ’, ‘ಕಾಡು ಕುದುರೆ’ ಮಾಡಿದರು. ಇಂಥವು ಬೆರಳೆಣಿಕೆಯಷ್ಟೇ.

ಪಕ್ಕದ ಕೊಲ್ಲಾಪುರದಲ್ಲಿ 1929ರಲ್ಲೇ ಪ್ರಭಾತ್ ಕಂಪನಿ ಹುಟ್ಟಿತು. ಮರಾಠಿಯವರು ತಮ್ಮ ತಮಾಷಾ, ಲಾವಣಿಗಳನ್ನು 1959ರ ‘ಸಾಂಗತ್ಯೆ ಐಕಾ’, 1972ರ ‘ಪಿಂಜರಾ’ಗಳಲ್ಲಿ ಮೆರೆಸಿದರು. ನಿಪ್ಪಾಣಿ, ಕಾಗವಾಡದ ಹುಡುಗರು ಆ ಹಾಡು ಗುನುಗಿದರೆ ನನಗೇನೂ ಸಿಟ್ಟಿಲ್ಲ. ಲಾವಣಿ ಎರಡೂ ಭಾಷೆಯದು, ಅದರ ನಡುವೆ ಗಡಿಕಲ್ಲು ನೆಡಲಾಗದು. ಸಿಟ್ಟು ಬೆಂಗಳೂರಿನ ನಮ್ಮ ಸಿನಿಮಾದವರ ಮೇಲೆ.

ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಶ್ರೀಕೃಷ್ಣ ಪಾರಿಜಾತ ಇದೇ ನೆಲದ್ದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟಕ್ಕೇ ಬೆಳತನಕ ಹಾಡು! ಕೌಜಲಗಿ ನಿಂಗಮ್ಮ ಇದರಿಂದಲೇ ನಾಡಿಗೆ ಹೆಸರಾದರು. ಇದರ ಒಂದು ಹಾಡಾದರೂ ನಿಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ?

ನಿಮ್ಮ ಕಿಸೆಯ ಫೋನಿನಲ್ಲಿ ಕ್ಯಾಮೆರಾ ಇದೆ. ಆಟ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮುಂದಿನ ಜಾತ್ರೆಗೆ ಒಂದು ಆಟ ಗೊತ್ತುಮಾಡಿ, ರಾತ್ರಿಯಿಡೀ ಕೂತು ಚಿತ್ರ ತೆಗೆಯಿರಿ. ಹ್ಯಾಂಡ್‌ಬಿಲ್ಲಿನ ಕಾಗದ, ಶಾಯಿ ನನ್ನದು. ತಾರೀಖು ನೀವು ಹೇಳಿ.