ಕಂಪನಿಗೆ ಕೈಕೋಳ ತೊಡಿಸಲಾದೀತೆ?



ಮನೆಗೆ ಕನ್ನ ಹಾಕಿದ ಕಳ್ಳ ಸಿಕ್ಕಿಬಿದ್ದರೆ ಪೊಲೀಸರು ಅವನ ಕೈಗೆ ಕೋಳ ತೊಡಿಸುತ್ತಾರೆ. ಆದರೆ ಕಳ್ಳತನ ನಡೆದದ್ದು ಲೆಕ್ಕದ ಪುಸ್ತಕದಲ್ಲಾದರೆ? ಅದನ್ನು ಮಾಡಿದ್ದು ಒಂದು ಕಂಪನಿ ಎಂದಾದರೆ? ಕಂಪನಿಗೆ ಕೈಯೇ ಇಲ್ಲವಲ್ಲ, ಕೋಳ ತೊಡಿಸುವುದು ಯಾರಿಗೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ ತಮ್ಮ ಭಾಷಣವೊಂದರಲ್ಲಿ 'ವೈಟ್ ಕಾಲರ್ ಅಪರಾಧ' ಎಂಬ ಮಾತನ್ನು ಬಳಕೆಗೆ ತಂದರು. ಅಪರಾಧಕ್ಕೆ ಬಡತನವೇ ಮೂಲ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಸಮಾಜದಲ್ಲಿ ಗೌರವಸ್ಥರೆನಿಸಿಕೊಂಡವರು ತಮ್ಮ ಉದ್ಯೋಗದ ಮೂಲಕವೇ ಎಸಗುವ ಅಪರಾಧಗಳನ್ನು ನಾವು ಲೆಕ್ಕಕ್ಕೇ ಹಿಡಿಯುತ್ತಿಲ್ಲ ಎಂದು ಅವರು ಎತ್ತಿ ತೋರಿಸಿದರು. ಇಂಥ ಅಪರಾಧಕ್ಕೆ ಬೇಕಾದ ಮೊದಲ ಬಂಡವಾಳವೆಂದರೆ ಇತರರು ಇಟ್ಟ ನಂಬಿಕೆ.

ನಮ್ಮ ದೇಶದ್ದೇ ಒಂದು ಉದಾಹರಣೆಯನ್ನು ನೋಡೋಣ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ದೇಶದ ಮುಂಚೂಣಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗಿತ್ತು. 2008ರ ಸೆಪ್ಟೆಂಬರಿನಲ್ಲಿ ಉತ್ತಮ ಆಡಳಿತಕ್ಕೆಂದು ಅದಕ್ಕೆ ಪ್ರಶಸ್ತಿಯೂ ದೊರೆತಿತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2009ರ ಜನವರಿ 7ರಂದು, ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಲೆಕ್ಕಗಳನ್ನು ಹಲವು ವರ್ಷಗಳಿಂದ ಉಬ್ಬಿಸಿ ತೋರಿಸಲಾಗಿದೆ ಎಂದು ಒಪ್ಪಿಕೊಂಡರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಹಣ 5,361 ಕೋಟಿ ರೂಪಾಯಿ ಎಂದಿತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ!

ಇಷ್ಟು ದೊಡ್ಡ ಸುಳ್ಳು ಬೆಳೆದದ್ದಾದರೂ ಹೇಗೆ? ಒಂದು ವರ್ಷ ಇಲ್ಲದ ಲಾಭವನ್ನು ತೋರಿಸಿದರೆ ಆ ಹಣ ಎಲ್ಲೋ ಇರುವಂತೆಯೂ ತೋರಿಸಬೇಕಾಗುತ್ತದೆ. ಬ್ಯಾಂಕಿನಲ್ಲಿದೆ ಎಂದು ಬರೆದರೆ ಅದಕ್ಕೆ ಬಡ್ಡಿ ಬಂದಂತೆಯೂ ಬರೆಯಬೇಕು. ಸತ್ಯಂ ಲೆಕ್ಕದಲ್ಲಿ ಹೀಗೆ ಬಾರದ ಬಡ್ಡಿಯೇ 376 ಕೋಟಿ ರೂಪಾಯಿ. ಮರುವರ್ಷ ಲಾಭ ಇಳಿದರೆ ಅನುಮಾನ ಬರುತ್ತದೆ. ಆದ್ದರಿಂದ ಸುಳ್ಳನ್ನು ಇನ್ನಷ್ಟು ಹಿಗ್ಗಿಸಬೇಕು. ಇದಕ್ಕಾಗಿ ಸಾವಿರಾರು ನಕಲಿ ಬಿಲ್ಲುಗಳು, ನಕಲಿ ಠೇವಣಿ ರಸೀದಿಗಳು ಸಿದ್ಧವಾದವು. ಪತ್ರ ಬಹಿರಂಗವಾದ ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಜೀವಮಾನದ ಉಳಿತಾಯವನ್ನು ಅದರಲ್ಲಿ ಹೂಡಿದವರ ಗತಿಯೇನಾಗಿರಬಹುದು, ಯೋಚಿಸಿ.

ಈಗ ಕಾನೂನಿನ ಕಡೆಗೆ ಬರೋಣ. ಕಂಪನಿಯೇ ಬೇರೆ, ಅದರ ಷೇರುದಾರರೇ ಬೇರೆ ಎಂಬ ತತ್ತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ಸಾಲೊಮನ್ ಮೊಕದ್ದಮೆಯಲ್ಲಿ ಸ್ಥಿರಪಡಿಸಿತು. ಕಂಪನಿ ಆಸ್ತಿ ಕೊಳ್ಳಬಹುದು, ಸಾಲ ಮಾಡಬಹುದು, ದಾವೆ ಹೂಡಬಹುದು. ಕಾನೂನಿನ ಕಣ್ಣಿಗೆ ಅದೊಂದು ವ್ಯಕ್ತಿ. ಆದರೆ ಈ ವ್ಯಕ್ತಿಗೆ ದೇಹವಿಲ್ಲ. ಹಾಗಾದರೆ ಸೆರೆವಾಸವೂ ದಂಡವೂ ಎರಡೂ ಕಡ್ಡಾಯವಾಗಿರುವ ಅಪರಾಧಕ್ಕೆ ಅದನ್ನು ವಿಚಾರಣೆಗೆ ಗುರಿಪಡಿಸುವುದು ಹೇಗೆ?

ಬೆಂಗಳೂರಿನ ಆದಾಯ ತೆರಿಗೆ ಅಧಿಕಾರಿಗಳಿಗೂ ಒಂದು ಜವಳಿ ಕಂಪನಿಗೂ ಸಂಬಂಧಿಸಿದ ಮೊಕದ್ದಮೆಯಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸೆರೆಗೆ ಹಾಕಲಾಗದ ಕಂಪನಿಯ ಮೇಲೆ ಅಂಥ ಮೊಕದ್ದಮೆ ನಡೆಸಲಾಗದು ಎಂದು 2003ರಲ್ಲಿ ಬಹುಮತದ ತೀರ್ಪಾಯಿತು. ಇದರ ಪರಿಣಾಮ ವಿಚಿತ್ರವಾಗಿತ್ತು. ಸಣ್ಣ ತಪ್ಪಿಗೆ ಕಂಪನಿ ದಂಡ ಕಟ್ಟಬೇಕು, ಘೋರ ತಪ್ಪಾದರೆ ವಿಚಾರಣೆಯೇ ಇಲ್ಲ! 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮೂವರ ಬಹುಮತದಿಂದ, ಈ ನಿಲುವನ್ನು ಬದಲಿಸಿತು. ಸೆರೆವಾಸ ಸಾಧ್ಯವಿಲ್ಲದಿದ್ದರೆ ದಂಡವನ್ನಾದರೂ ವಿಧಿಸಬಹುದು, ಕಂಪನಿ ವಿಚಾರಣೆಯಿಂದ ಪಾರಾಗುವಂತಿಲ್ಲ ಎಂದಿತು.

ಆದರೆ ಸಮಸ್ಯೆ ಇಲ್ಲಿಗೇ ಮುಗಿಯಲಿಲ್ಲ. ಕಂಪನಿ ಕಟ್ಟುವ ದಂಡ ಯಾರ ಹಣ? ಅದು ಷೇರುದಾರರ ಹಣ. ಸತ್ಯಂನಂಥ ಪ್ರಕರಣದಲ್ಲಿ ಮೋಸಹೋದವರೂ ಅವರೇ. ಅವರಿಂದಲೇ ದಂಡ ವಸೂಲು ಮಾಡಿದರೆ ನ್ಯಾಯ ಅರ್ಧ ದಾರಿಯಲ್ಲೇ ನಿಂತಂತೆ. ಆದುದರಿಂದ ಕಂಪನಿಯ ಹೆಸರಿನ ಹಿಂದೆ ನಿಂತು ಸಹಿ ಹಾಕಿದ ಮನುಷ್ಯರನ್ನು ಕಾನೂನು ಹುಡುಕಿ ಹಿಡಿಯಬೇಕಾಗುತ್ತದೆ.

2013ರ ಕಂಪನಿ ಕಾಯ್ದೆ ಈ ದಿಕ್ಕಿನಲ್ಲಿ ಮುಖ್ಯವಾದದ್ದು. ಅದರ 447ನೇ ಕಲಮಿನ ಪ್ರಕಾರ ದೊಡ್ಡ ಮೊತ್ತದ ವಂಚನೆಗೆ 6 ತಿಂಗಳಿಂದ 10 ವರ್ಷಗಳವರೆಗೆ ಸೆರೆವಾಸ. ಜೊತೆಗೆ ವಂಚನೆಯ ಮೊತ್ತಕ್ಕೆ ಕಡಿಮೆಯಿಲ್ಲದಂತೆ, ಅದರ ಮೂರು ಪಟ್ಟಿನವರೆಗೆ ದಂಡ. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದರೆ ಸೆರೆವಾಸ 3 ವರ್ಷಕ್ಕೆ ಕಡಿಮೆಯಾಗುವಂತಿಲ್ಲ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು ಒಂದೇ ಲೆಕ್ಕ ಪರಿಶೋಧನಾ ಸಂಸ್ಥೆಯನ್ನು ಸತತ 10 ವರ್ಷಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಅಕ್ರಮ ಕಂಡ ನೌಕರನು ನಿರ್ಭಯವಾಗಿ ದೂರು ಕೊಡಲು ಅಲ್ಲಿ ವ್ಯವಸ್ಥೆಯೂ ಇರಬೇಕು.

ಇದರರ್ಥ ನಿರ್ದೇಶಕ ಮಂಡಳಿಯಲ್ಲಿ ಕುಳಿತವರೆಲ್ಲ ಅಪರಾಧಿಗಳೆಂದಲ್ಲ. ಪದವಿಯೊಂದೇ ಕಾರಣಕ್ಕೆ ಯಾರನ್ನೂ ಆರೋಪಿಯಾಗಿಸಲಾಗದು, ಅವರ ಪಾತ್ರಕ್ಕೆ ಸಾಕ್ಷ್ಯ ಬೇಕು, ಇಲ್ಲವೇ ಕಾಯ್ದೆಯೇ ಅವರನ್ನು ಹೊಣೆಯಾಗಿಸಿರಬೇಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟಪಡಿಸಿದೆ. ಸಾಕ್ಷ್ಯವನ್ನು ಕಾಗದಪತ್ರಗಳ ರಾಶಿಯಿಂದ ಹೆಕ್ಕಬೇಕಾದ್ದರಿಂದ ಕಾಲವೂ ಹಿಡಿಯುತ್ತದೆ. ಸತ್ಯಂ ಪ್ರಕರಣದಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಗೆ 7 ವರ್ಷಗಳ ಸೆರೆವಾಸ ವಿಧಿಸಿದ್ದು 2015ರ ಏಪ್ರಿಲಿನಲ್ಲಿ, ಎಂದರೆ ಆ ಪತ್ರ ಬಂದ ಆರು ವರ್ಷಗಳ ಬಳಿಕ. ಮೇಲ್ಮನವಿಯ ಮೇಲೆ ಮರುತಿಂಗಳೇ ಶಿಕ್ಷೆ ಅಮಾನತಾಗಿ ಅವರಿಗೆ ಜಾಮೀನು ದೊರೆಯಿತು.

ಶಿಕ್ಷೆಗೊಳಗಾದವರ ಪಟ್ಟಿಯಲ್ಲಿ ಅಧ್ಯಕ್ಷರ ಜೊತೆಗೆ ಲೆಕ್ಕ ಪರಿಶೋಧಕರೂ, ಹಣಕಾಸು ವಿಭಾಗದ ನೌಕರರೂ ಇದ್ದರು ಎಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕು. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ಬ್ಯಾಂಕಿನಿಂದಲೇ ನೇರವಾಗಿ ದೃಢಪಡಿಸಿಕೊಳ್ಳುವುದು ಲೆಕ್ಕ ಪರಿಶೋಧನೆಯ ಮೊದಲ ಪಾಠಗಳಲ್ಲಿ ಒಂದು. ಆ ಒಂದು ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿ ಉತ್ತರ ಪಡೆದಿದ್ದರೆ ಸುಳ್ಳು ಇಷ್ಟು ವರ್ಷ ಬೆಳೆಯುತ್ತಿರಲಿಲ್ಲ. ನಾಳೆ ನಿಮ್ಮಲ್ಲಿ ಕೆಲವರು ಲೆಕ್ಕಿಗರಾಗುತ್ತೀರಿ, ಕೆಲವರು ಎಂಜಿನಿಯರುಗಳು, ಕೆಲವರು ವ್ಯವಸ್ಥಾಪಕರು. ಮೇಲಿನವರು ಹೇಳಿದರೆಂದು ಓದದೆ ಸಹಿ ಮಾಡುವ ಸಂದರ್ಭ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಕಾಗದವನ್ನು ಓದಿ, ತಿಳಿಯದಿದ್ದರೆ ಕೇಳಿ. ಕಂಪನಿಗೆ ಕೈಯಿಲ್ಲ ನಿಜ. ಸಹಿ ಮಾಡುವ ಕೈ ಮಾತ್ರ ನಿಮ್ಮದೇ ಆಗಿರುತ್ತದೆ.